ಮತ ಬೀಳುವುದು ನಿರ್ದೇಶಕರಿಗೆ, ಬಿಸಿ ಮುಟ್ಟುವುದು ಸಮಿತಿಗೆ

ಕಂಪನಿಯ ವಾರ್ಷಿಕ ಮಹಾಸಭೆಯ ನೋಟಿಸನ್ನು ಎಷ್ಟೇ ಜಾಲಾಡಿದರೂ ‘ಆಡಿಟ್ ಸಮಿತಿಗೆ ಇಂಥವರನ್ನು ಆರಿಸಿ’ ಎಂಬ ನಿರ್ಣಯ ಕಣ್ಣಿಗೆ ಬೀಳುವುದಿಲ್ಲ. ಷೇರುದಾರರು ಆರಿಸುವುದು ನಿರ್ದೇಶಕರನ್ನು ಮಾತ್ರ. ಯಾರು ಯಾವ ಸಮಿತಿಯಲ್ಲಿ ಕೂರಬೇಕು, ಯಾರು ಅದರ ಅಧ್ಯಕ್ಷರಾಗಬೇಕು ಎಂಬುದನ್ನು ಮಂಡಳಿ ತನ್ನೊಳಗೇ ತೀರ್ಮಾನಿಸಿಕೊಳ್ಳುತ್ತದೆ. ಹಾಗಿದ್ದರೆ ಸಮಿತಿಗಳ ಮೇಲೆ ಷೇರುದಾರರ ಹಿಡಿತ ಎಲ್ಲಿಂದ ಬರಬೇಕು?

2013ರ ಮೇ ತಿಂಗಳಲ್ಲಿ ಅಮೆರಿಕದ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಸಭೆಯಲ್ಲಿ ನಡೆದದ್ದರಲ್ಲಿ ಉತ್ತರವಿದೆ. ಹಿಂದಿನ ವರ್ಷ ಲಂಡನ್ ಕಚೇರಿಯ ಡೆರಿವೇಟಿವ್ ವಹಿವಾಟಿನಲ್ಲಿ ಬ್ಯಾಂಕು 600 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತ್ತು. ಇಂಥ ಅಪಾಯದ ಮೇಲೆ ಕಣ್ಣಿಡುವ ಕೆಲಸ ರಿಸ್ಕ್ ಸಮಿತಿಯದು. ಸಿಟ್ಟಾದ ಹೂಡಿಕೆದಾರರು ಇಡೀ ಮಂಡಳಿಯ ಮೇಲೆ ಬೀಳದೆ ಆ ಸಮಿತಿಯ ಮೂವರನ್ನು ಗುರಿ ಮಾಡಿದರು. ಜೇಮ್ಸ್ ಕ್ರೌನ್‌ಗೆ ಶೇ 57, ಡೇವಿಡ್ ಕೋಟ್‌ಗೆ ಶೇ 59, ಎಲೆನ್ ಫಟ್ಟರ್‌ಗೆ ಶೇ 53ರಷ್ಟು ಮತ ಬಿತ್ತು. ಲೆಕ್ಕದ ಪ್ರಕಾರ ಮೂವರೂ ಗೆದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೋಟ್ ಮತ್ತು ಫಟ್ಟರ್ ಮಂಡಳಿಯನ್ನೇ ಬಿಟ್ಟರು. ಹಿಂದೆ ಅದೇ ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಹಿರಿಯ ಹುದ್ದೆಯಲ್ಲಿದ್ದ ಲಿಂಡಾ ಬಾಮನ್ ಆ ವರ್ಷವೇ ಮಂಡಳಿಗೆ ಬಂದರು.

ವಿಧಾನಸಭೆ ಚುನಾವಣೆಯಲ್ಲಿ ಶೇ 53 ಬಂದರೆ ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ. ಎದುರಾಳಿಯೇ ಇಲ್ಲದ ನಿರ್ದೇಶಕರ ಚುನಾವಣೆಯಲ್ಲಿ ಅದೇ ಅಂಕಿ ಮುಖಭಂಗ. ಅಲ್ಲಿ ಶೇ 95ರ ಆಸುಪಾಸು ಮಾಮೂಲು. ಶೇ 80ಕ್ಕಿಂತ ಕೆಳಗಿಳಿದರೆ ‘ಏನೋ ಎಡವಟ್ಟಾಗಿದೆ’ ಎಂಬ ಮಾತು ಶುರುವಾಗುತ್ತದೆ. ಷೇರುದಾರರ ಮತವನ್ನು ಗೆಲುವು–ಸೋಲಿನ ಕಣ್ಣಿನಿಂದ ಮಾತ್ರ ನೋಡುವವರಿಗೆ ಅದರ ಅರ್ಧ ಕೆಲಸ ಕಾಣುವುದೇ ಇಲ್ಲ.

ಸಮಿತಿಯೇ ಯಾಕೆ ಗುರಿಯಾಗುತ್ತದೆ ಎಂದರೆ ಮೇಲ್ವಿಚಾರಣೆಯ ನಿಜವಾದ ಕೆಲಸ ನಡೆಯುವುದು ಅಲ್ಲೇ. ವರ್ಷಕ್ಕೆ ಕೆಲವೇ ಬಾರಿ ಸೇರುವ ಇಡೀ ಮಂಡಳಿಗೆ ಲೆಕ್ಕಪತ್ರದ ಒಳಹೊಕ್ಕು ನೋಡುವಷ್ಟು ಪುರಸೊತ್ತಿರುವುದಿಲ್ಲ. ಲೆಕ್ಕಪರಿಶೋಧಕರನ್ನು ಹುಡುಕುವುದು, ಅವರ ಶುಲ್ಕ ನಿಗದಿ ಮಾಡುವುದು, ಸಂಬಂಧಿತರ (ಮಾತೃಸಂಸ್ಥೆ, ಒಡೆಯರ ಕುಟುಂಬದ ಇತರ ಕಂಪನಿಗಳಂಥವರ) ಜೊತೆಗಿನ ವ್ಯವಹಾರ ಪರಿಶೀಲಿಸುವುದು ಆಡಿಟ್ ಸಮಿತಿ. ಹೊಸ ನಿರ್ದೇಶಕರ ಹೆಸರು ಸೂಚಿಸುವುದು ನೇಮಕ ಸಮಿತಿ. ಮುಖ್ಯಸ್ಥರ ಸಂಬಳ, ಬೋನಸ್ ಅಳೆಯುವುದು ವೇತನ ಸಮಿತಿ. ಲೆಕ್ಕ ತಿರುಚಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾದ ಮೇಲೆ 2002ರಲ್ಲಿ ಬಂದ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ, ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಗಳ ಆಡಿಟ್ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ (ಕಂಪನಿಯ ಜೊತೆ ಬೇರೆ ನಂಟಿಲ್ಲದವರೇ) ಇರಬೇಕು ಎಂದಿತು. ಭಾರತದಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯ ಆಡಿಟ್ ಸಮಿತಿಯ ಮೂರನೇ ಎರಡು ಪಾಲು ಸದಸ್ಯರು ಸ್ವತಂತ್ರರಾಗಿರಬೇಕು. ಅದರ ಅಧ್ಯಕ್ಷರು ಮಹಾಸಭೆಗೆ ಬಂದು ಷೇರುದಾರರ ಪ್ರಶ್ನೆಗೆ ಉತ್ತರಿಸಬೇಕು. ಈ ಕಾನೂನುಗಳಿಂದ ಆದ ದೊಡ್ಡ ಉಪಕಾರವೆಂದರೆ, ತಪ್ಪಾದಾಗ ಯಾರ ಬಾಗಿಲು ತಟ್ಟಬೇಕು ಎಂಬ ವಿಳಾಸ ಷೇರುದಾರರಿಗೆ ಸಿಕ್ಕಿತು.

ಎಣಿಕೆಯ ನಿಯಮದಲ್ಲೇ ಇದೆ ಕಥೆ

ಈ ವಿಳಾಸಕ್ಕೆ ಕಳಿಸಿದ ಸಂದೇಶ ಮುಟ್ಟುತ್ತದೋ ಇಲ್ಲವೋ ಎಂಬುದು ಮತ ಎಣಿಸುವ ರೀತಿಯ ಮೇಲೆ ನಿಂತಿದೆ.

ಹಲವು ದೊಡ್ಡ ಕಂಪನಿಗಳು ನೋಂದಣಿಯಾಗಿರುವ ಅಮೆರಿಕದ ಡೆಲವೇರ್ ರಾಜ್ಯದ ಕಾನೂನಿನಲ್ಲಿ ಕಂಪನಿ ಬೇರೇನೂ ಬರೆದುಕೊಳ್ಳದಿದ್ದರೆ ‘ಹೆಚ್ಚು ಮತ ಪಡೆದವರಿಗೆ ಸೀಟು’ ಎಂಬ ಪದ್ಧತಿ. ಹತ್ತು ಸ್ಥಾನ, ಹತ್ತೇ ಅಭ್ಯರ್ಥಿಗಳು ಎಂದಾಗ ಒಂದೇ ಒಂದು ಷೇರಿನ ಮತ ಬಿದ್ದರೂ ಗೆದ್ದಂತೆ. ‘ವಿರೋಧ’ ಎಂಬ ಆಯ್ಕೆಯೇ ಅಲ್ಲಿಲ್ಲ. ಹೆಚ್ಚೆಂದರೆ ಮತವನ್ನು ತಡೆಹಿಡಿಯಬಹುದು. 2004ರಲ್ಲಿ ಡಿಸ್ನಿ ಕಂಪನಿಯ ಮುಖ್ಯಸ್ಥ ಮೈಕಲ್ ಐಸ್ನರ್ ವಿಷಯದಲ್ಲಿ ಶೇ 40ಕ್ಕೂ ಹೆಚ್ಚು ಮತ ಹೀಗೆ ತಡೆಹಿಡಿದದ್ದಾಯಿತು. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಆದರೂ ಅದೇ ದಿನ ಮಂಡಳಿ ಅವರಿಂದ ಅಧ್ಯಕ್ಷ ಸ್ಥಾನ ತೆಗೆದು ಜಾರ್ಜ್ ಮಿಚೆಲ್ ಅವರಿಗೆ ಕೊಟ್ಟಿತು.

ಆ ಬಳಿಕ ದೊಡ್ಡ ಕಂಪನಿಗಳು ಬಹುಮತದ ಪದ್ಧತಿಗೆ ಹೊರಳಿದವು. ಚಲಾಯಿಸಿದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ನಿರ್ದೇಶಕರು ರಾಜೀನಾಮೆ ಪತ್ರ ಕೊಡಬೇಕು. ಇಲ್ಲೂ ಒಂದು ತೂತಿದೆ. ಡೆಲವೇರ್ ಕಾನೂನಿನಂತೆ ಉತ್ತರಾಧಿಕಾರಿ ಬರುವವರೆಗೆ ಸೋತವರೂ ಸ್ಥಾನದಲ್ಲಿ ಮುಂದುವರಿಯುತ್ತಾರೆ. ರಾಜೀನಾಮೆ ಒಪ್ಪಬೇಕೋ ಬೇಡವೋ ಎಂದು ಮಂಡಳಿಗೆ ಸಲಹೆ ಕೊಡುವುದು ಸಾಮಾನ್ಯವಾಗಿ ಅದೇ ನೇಮಕ ಸಮಿತಿ. ಸೋತವರನ್ನು ಮೊದಲು ಆರಿಸಿ ತಂದವರೇ ಅವರ ಸೋಲಿನ ತೀರ್ಪುಗಾರರು! ಹಾಗಾಗಿ ಸೋತ ಮೇಲೂ ಕುರ್ಚಿ ಬಿಡದ ನಿರ್ದೇಶಕರು ಅಪರೂಪವಲ್ಲ.

ಇನ್ನೊಂದು ಅಡ್ಡಿ ಅವಧಿಯದು. ಬ್ರಿಟನ್ನಿನ ಆಡಳಿತ ಸಂಹಿತೆ ಪಾಲಿಸುವ ಕಂಪನಿಗಳಲ್ಲಿ ಎಲ್ಲ ನಿರ್ದೇಶಕರೂ ಪ್ರತಿ ವರ್ಷ ಮತಕ್ಕೆ ನಿಲ್ಲುತ್ತಾರೆ. ಈ ವರ್ಷ ವೇತನ ಸಮಿತಿ ಎಡವಿದರೆ ಮುಂದಿನ ಸಭೆಯಲ್ಲೇ ಅದರ ಅಧ್ಯಕ್ಷರಿಗೆ ಬಿಸಿ ಮುಟ್ಟಿಸಬಹುದು. ಮಂಡಳಿಯನ್ನು ಮೂರು ಗುಂಪು ಮಾಡಿ ವರ್ಷಕ್ಕೊಂದು ಗುಂಪಿಗೆ ಚುನಾವಣೆ ನಡೆಸುವ ಅಮೆರಿಕದ ಕಂಪನಿಗಳಲ್ಲಿ, ಹೊಣೆಗಾರರಾದ ಸಮಿತಿ ಅಧ್ಯಕ್ಷರು ಇನ್ನೆರಡು ವರ್ಷ ಮತಪತ್ರದಲ್ಲಿ ಕಾಣಿಸದೇ ಇರಬಹುದು. ಆಗ ಸಿಟ್ಟು ಪಾಪ, ಕೈಗೆ ಸಿಕ್ಕ ಇನ್ನೊಬ್ಬ ಸದಸ್ಯರ ಮೇಲೆ ತಿರುಗುತ್ತದೆ.

ಭಾರತದಲ್ಲಿ ಈ ಅಡ್ಡಿ ಇನ್ನೂ ದೊಡ್ಡದು. ಕಂಪನಿ ಕಾಯ್ದೆ 2013ರ ಪ್ರಕಾರ ಸ್ವತಂತ್ರ ನಿರ್ದೇಶಕರ ಒಂದು ಅವಧಿ ಐದು ವರ್ಷದವರೆಗೆ, ಸತತ ಎರಡು ಅವಧಿಗೆ ಅವಕಾಶ. ಸರದಿಯಂತೆ ನಿವೃತ್ತರಾಗುವ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಆಡಿಟ್ ಸಮಿತಿಯಲ್ಲಿ ಬಹುಪಾಲು ಇರುವವರು ಇವರೇ. ಅಂದರೆ ಕಾವಲು ಕಾಯಬೇಕಾದವರೇ ಅತಿ ಕಡಿಮೆ ಬಾರಿ ಮತ ಎದುರಿಸುತ್ತಾರೆ. ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡಿರುವ ಪ್ರವರ್ತಕರ ಕಾಟದಿಂದ ಅವರನ್ನು ಕಾಪಾಡಲೆಂದು ಮಾಡಿದ ಏರ್ಪಾಡು ಇದು, ಅದಕ್ಕೆ ಅರ್ಥವೂ ಇದೆ. ಆದರೆ ಅದೇ ಏರ್ಪಾಡು ಸಣ್ಣ ಷೇರುದಾರರ ಕೈಯಿಂದಲೂ ಅವರನ್ನು ದೂರ ಇಟ್ಟಿದೆ.

ಇದಕ್ಕೆ ಪರಿಹಾರವೆಂಬಂತೆ ಪ್ರವೇಶದ ಬಾಗಿಲನ್ನೇ ಕಿರಿದು ಮಾಡಲಾಯಿತು. 2022ರ ಜನವರಿ 1ರಿಂದ ಪಟ್ಟಿಯಾದ ಕಂಪನಿಗಳ ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ನಿರ್ಣಯ ಬೇಕು. ಪರವಾದ ಮತ ವಿರೋಧದ ಮೂರು ಪಟ್ಟಾದರೂ ಇರಬೇಕು, ಅಂದರೆ ಶೇ 75. ಮಂಡಳಿ ತಾನೇ ನೇಮಿಸಿಕೊಂಡ ನಿರ್ದೇಶಕರಿಗೆ ಮುಂದಿನ ಮಹಾಸಭೆ ಅಥವಾ ಮೂರು ತಿಂಗಳು, ಯಾವುದು ಮೊದಲೋ ಅಷ್ಟರೊಳಗೆ ಷೇರುದಾರರ ಒಪ್ಪಿಗೆ ಪಡೆಯಬೇಕು. ಆದರೆ 2022ರ ನವೆಂಬರ್‌ನಲ್ಲಿ ಒಂದು ಪಕ್ಕದ ಬಾಗಿಲೂ ತೆರೆಯಿತು: ಶೇ 75 ಸಿಗದಿದ್ದರೂ, ಒಟ್ಟು ಮತದಲ್ಲಿ ಸರಳ ಬಹುಮತ ಮತ್ತು ಪ್ರವರ್ತಕರನ್ನು ಬಿಟ್ಟು ಉಳಿದ ಸಾರ್ವಜನಿಕ ಷೇರುದಾರರ ಮತದಲ್ಲೂ ಬಹುಮತ ಇದ್ದರೆ ನೇಮಕ ಆದಂತೆಯೇ.

ಶೇ 82ರೊಳಗೆ ಅಡಗಿದ ಸೋಲು

ಪ್ರವರ್ತಕರ ಹಿಡಿತ ಗಟ್ಟಿಯಾಗಿರುವ ಕಡೆ ಫಲಿತಾಂಶದ ಮೊದಲ ಸಾಲನ್ನು ನಂಬಿದರೆ ಮೋಸ ಹೋಗುತ್ತೇವೆ. ಒಂದು ಲೆಕ್ಕ ಹಾಕೋಣ. ಒಟ್ಟು 100 ಕೋಟಿ ಷೇರು. ಪ್ರವರ್ತಕರದು 60 ಕೋಟಿ, ಅಷ್ಟೂ ನಿರ್ಣಯದ ಪರ. ಸಾರ್ವಜನಿಕರ 40 ಕೋಟಿಯಲ್ಲಿ ಮತ ಹಾಕಿದ್ದು 28 ಕೋಟಿ. ಅದರಲ್ಲಿ 16 ಕೋಟಿ ವಿರೋಧ, 12 ಕೋಟಿ ಪರ. ಈಗ ಪರವಾಗಿ 72 ಕೋಟಿ, ಚಲಾವಣೆಯಾದದ್ದು 88 ಕೋಟಿ. ‘ಶೇ 82ರಷ್ಟು ಬೆಂಬಲದೊಂದಿಗೆ ಅಂಗೀಕಾರ’ ಎಂದು ಕಂಪನಿ ಪ್ರಕಟಿಸುತ್ತದೆ. ವಿಶೇಷ ನಿರ್ಣಯವೂ ಸಲೀಸಾಗಿ ದಾಟಿತು. ಪ್ರವರ್ತಕರನ್ನು ಬದಿಗಿಟ್ಟರೆ ಮಾತ್ರ ಗೊತ್ತಾಗುತ್ತದೆ: ಉಳಿದವರಲ್ಲಿ ಶೇ 57ರಷ್ಟು ಮತ ‘ಬೇಡ’ ಎಂದಿದೆ.

ಪ್ರವರ್ತಕರ ಪಾಲು 40 ಕೋಟಿಗೆ ಇಳಿದು, ಸಾರ್ವಜನಿಕರು ಅದೇ ಪ್ರಮಾಣದಲ್ಲಿ ಮತ ಹಾಕಿದರು ಎಂದುಕೊಳ್ಳಿ. 60 ಕೋಟಿಯಲ್ಲಿ 42 ಕೋಟಿ ಮತ, 24 ವಿರೋಧ, 18 ಪರ. ಪರವಾದದ್ದು 82ರಲ್ಲಿ 58, ಶೇ 71 ಕೂಡ ಇಲ್ಲ. ಅದೇ ಅಸಮಾಧಾನಕ್ಕೆ ಈಗ ವಿಶೇಷ ನಿರ್ಣಯ ಬಿದ್ದುಹೋಗುತ್ತದೆ. 2021ರಲ್ಲಿ ಐಷರ್ ಮೋಟರ್ಸ್ ಹೀಗೇ ಎಡವಿತು. ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ವೇತನ ಎರಡನ್ನೂ ಒಂದೇ ವಿಶೇಷ ನಿರ್ಣಯದಲ್ಲಿ ಕಟ್ಟಿ ತಂದದ್ದರಿಂದ, ವೇತನದ ಮೇಲಿನ ತಕರಾರಿಗೆ ಹುದ್ದೆಯೂ ಸಿಕ್ಕಿಕೊಂಡಿತು. ಸುಮಾರು ಶೇ 27ರಷ್ಟು ವಿರೋಧಕ್ಕೇ ನಿರ್ಣಯ ಸೋತಿತು. ಬಳಿಕ ವೇತನದ ಮಿತಿ ತಗ್ಗಿಸಿ, ಎರಡನ್ನೂ ಬೇರೆ ಬೇರೆ ನಿರ್ಣಯ ಮಾಡಿ ಮತ್ತೆ ಬರಬೇಕಾಯಿತು.

ಪ್ರವರ್ತಕರ ಸಂಖ್ಯಾಬಲವೇ ನಡೆಯದ ಜಾಗವೊಂದಿದೆ: ಸಂಬಂಧಿತರ ಜೊತೆಗಿನ ದೊಡ್ಡ ವ್ಯವಹಾರ. ಮೊದಲು ಆಡಿಟ್ ಸಮಿತಿಯ ಸ್ವತಂತ್ರ ಸದಸ್ಯರು ಒಪ್ಪಬೇಕು, ನಂತರ ಷೇರುದಾರರು. ಸಂಬಂಧಿತರು ಪರವಾಗಿ ಮತ ಹಾಕುವಂತಿಲ್ಲ. 2024ರ ಮೇ ತಿಂಗಳಲ್ಲಿ ನೆಸ್ಲೆ ಇಂಡಿಯಾ ತನ್ನ ಮಾತೃಸಂಸ್ಥೆಗೆ ಕೊಡುವ ರಾಯಧನವನ್ನು ಮಾರಾಟದ ಶೇ 4.5ರಿಂದ ಐದು ವರ್ಷಗಳಲ್ಲಿ ಹಂತಹಂತವಾಗಿ ಶೇ 5.25ಕ್ಕೆ ಏರಿಸಲು ಒಪ್ಪಿಗೆ ಕೇಳಿತು. ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಮಾತೃಸಂಸ್ಥೆಯದೇ, ಆದರೆ ಆ ಮತಕ್ಕೆ ಇಲ್ಲಿ ಜಾಗವಿಲ್ಲ. ಚಲಾವಣೆಯಾದ ಮತದಲ್ಲಿ ಶೇ 57 ವಿರೋಧ. ದರ ಹಳೆಯದೇ ಉಳಿಯಿತು. ಸಮಿತಿ ಸರಿ ಎಂದದ್ದನ್ನು ಷೇರುದಾರರು ತಳ್ಳಿಹಾಕಿದ್ದು ಹಣದ ಲೆಕ್ಕಕ್ಕಷ್ಟೇ ಸೀಮಿತವಲ್ಲ. ಮುಂದಿನ ಬಾರಿ ಇಂಥ ಕಡತ ಬಂದಾಗ ‘ಹೊರಗಿನವರು ಇದನ್ನು ಒಪ್ಪುತ್ತಾರಾ’ ಎಂದು ಸಮಿತಿಯೇ ಮೊದಲು ಕೇಳಬೇಕಾಗುತ್ತದೆ. ಈ ನಿಯಮ ಬರುವ ಮೊದಲು, 2008ರ ಡಿಸೆಂಬರ್‌ನಲ್ಲಿ, ಸಾಫ್ಟ್‌ವೇರ್ ಕಂಪನಿ ಸತ್ಯಂನ ಮಂಡಳಿ ಪ್ರವರ್ತಕ ಕುಟುಂಬದ ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಷೇರುದಾರರನ್ನು ಕೇಳದೆಯೇ ಒಪ್ಪಿಬಿಟ್ಟಿತ್ತು. ಹೂಡಿಕೆದಾರರು ಗಲಾಟೆ ಎಬ್ಬಿಸಿದ ಮೇಲಷ್ಟೇ ಅದು ಹಿಂದೆ ಸರಿದದ್ದು.

ವೇತನದ ಮತ ಎಂಬ ಥರ್ಮಾಮೀಟರು

ಮುಖ್ಯಸ್ಥರ ಸಂಬಳದ ಮೇಲಿನ ಮತಕ್ಕೆ ಸುದ್ದಿಯಲ್ಲಿ ಸಿಗುವಷ್ಟು ಜಾಗ ಬೇರಾವ ಮತಕ್ಕೂ ಸಿಗುವುದಿಲ್ಲ. ನನ್ನ ಎಣಿಕೆಯಲ್ಲಿ ಅದು ಜ್ವರ ಅಳೆಯುವ ಸಾಧನ, ಔಷಧಿಯಲ್ಲ. ಅಮೆರಿಕದಲ್ಲಿ 2011ರಿಂದ ನಡೆಯುತ್ತಿರುವ ಈ ಮತ ಬರಿಯ ಸಲಹೆ. 2012ರಲ್ಲಿ ಸಿಟಿಗ್ರೂಪ್‌ನ ವೇತನ ಯೋಜನೆಗೆ ಶೇ 55ರಷ್ಟು ವಿರೋಧ ಬಿದ್ದರೂ ಅದನ್ನು ಪಾಲಿಸಲೇಬೇಕೆಂಬ ಕಾನೂನಿರಲಿಲ್ಲ. 2016ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯ ಬಾಬ್ ಡಡ್ಲಿ ಅವರ ವೇತನಕ್ಕೆ ಶೇ 59 ವಿರೋಧ ಬಂದದ್ದೂ ಸಲಹಾ ಮತವೇ. ಮರುವರ್ಷ ಮೊತ್ತ ಕಡಿತವಾಗಿ, ಹೊಸ ವೇತನ ನೀತಿ ಬಂತು. ಅಲ್ಲಿ ಮೂರು ವರ್ಷಕ್ಕೊಮ್ಮೆ ವೇತನ ನೀತಿಯ ಮೇಲೆ ಕಡ್ಡಾಯವಾಗಿ ಪಾಲಿಸಬೇಕಾದ ಮತ ಇರುತ್ತದೆ. ವೇತನ ಸಮಿತಿ ಬಗ್ಗಿದ್ದು ಹಿಂದಿನ ಸೋಲಿಗಿಂತ ಆ ಮುಂದಿನ ಮತದ ಭಯಕ್ಕೆ.

ಸಲಹೆಗೂ ಹಲ್ಲು ಕೊಡುವ ಬಗೆಯನ್ನು ಆಸ್ಟ್ರೇಲಿಯಾ 2011ರಲ್ಲಿ ಕಂಡುಕೊಂಡಿತು. ವೇತನ ವರದಿಗೆ ಶೇ 25ರಷ್ಟು ವಿರೋಧ ಬಂದರೆ ಒಂದು ಏಟು. ಸತತ ಎರಡನೇ ವರ್ಷವೂ ಹಾಗೇ ಆದರೆ, ಮಂಡಳಿಯನ್ನು ಮರುಚುನಾವಣೆಗೆ ಒಡ್ಡಬೇಕೇ ಎಂಬ ನಿರ್ಣಯ ಅದೇ ಸಭೆಯಲ್ಲಿ ಬರುತ್ತದೆ. ಅದಕ್ಕೆ ಬಹುಮತ ಸಿಕ್ಕರೆ 90 ದಿನದೊಳಗೆ ಮತ್ತೊಂದು ಸಭೆ, ಅಲ್ಲಿ ವ್ಯವಸ್ಥಾಪಕ ನಿರ್ದೇಶಕರನ್ನು ಬಿಟ್ಟು ಉಳಿದವರೆಲ್ಲ ಮತಕ್ಕೆ ನಿಲ್ಲಬೇಕು. ವರದಿಯಲ್ಲಿ ಯಾರ ಸಂಬಳವಿದೆಯೋ ಅವರು ಅದರ ಮೇಲೆ ಮತ ಹಾಕುವಂತಿಲ್ಲ. 2023ರಲ್ಲಿ ಕ್ವಾಂಟಸ್ ವಿಮಾನ ಸಂಸ್ಥೆಯ ವರದಿಗೆ ಸುಮಾರು ಶೇ 83 ವಿರೋಧ ಬಿತ್ತು. ಎರಡನೇ ಏಟು ಬೀಳುವ ಮೊದಲೇ, 2024ರ ಆಗಸ್ಟ್‌ನಲ್ಲಿ, ಹಿಂದಿನ ಮುಖ್ಯಸ್ಥ ಅಲನ್ ಜಾಯ್ಸ್ ಅವರ ವೇತನದಿಂದ 92 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಕತ್ತರಿಸಲಾಯಿತು.

ಬ್ರಿಟನ್ನಿನ ಸಂಹಿತೆ ಶೇ 20 ವಿರೋಧಕ್ಕೇ ಮಂಡಳಿಯಿಂದ ವಿವರಣೆ ಕೇಳುತ್ತದೆ, ಆರು ತಿಂಗಳೊಳಗೆ ಏನು ಮಾಡಿದಿರಿ ಎಂದು ಪ್ರಕಟಿಸಲು ಹೇಳುತ್ತದೆ. ಹೇಗೆ ಮತ ಹಾಕಬೇಕೆಂದು ಹೂಡಿಕೆದಾರರಿಗೆ ಹೇಳುವ ಪ್ರಾಕ್ಸಿ ಸಲಹಾ ಸಂಸ್ಥೆ ಐಎಸ್‌ಎಸ್ ವೇತನದ ಮತಕ್ಕೆ ಶೇ 70ಕ್ಕಿಂತ ಕಡಿಮೆ ಬೆಂಬಲ ಬಂದರೆ ಮರುವರ್ಷ ಸಮಿತಿ ಏನು ಮಾಡಿತೆಂದು ಪರಿಶೀಲಿಸುತ್ತದೆ. ಉತ್ತರ ಸರಿಬಾರದಿದ್ದರೆ ಸಮಿತಿ ಸದಸ್ಯರ ವಿರುದ್ಧವೇ ಮತ ಹಾಕಲು ಸೂಚಿಸುತ್ತದೆ. ವೇತನದ ಮತ ವ್ಯಕ್ತಿಯ ಮೇಲಿನ ಮತವಾಗಿ ಬದಲಾಗುವುದು ಈ ಎರಡನೇ ವರ್ಷದಲ್ಲೇ.

ಸಲಹಾ ಸಂಸ್ಥೆ ಹೇಳಿದ್ದೇ ನಡೆಯುತ್ತದೆ ಎಂಬುದೂ ನಿಜವಲ್ಲ. 2013ರ ಕೊನೆಯಲ್ಲಿ ಟಾರ್ಗೆಟ್ ಮಳಿಗೆಗಳ ಗ್ರಾಹಕರ ಕಾರ್ಡ್ ಮಾಹಿತಿ ಕಳುವಾದ ಮೇಲೆ, ಎರಡು ಸಮಿತಿಗಳಲ್ಲಿದ್ದ ಏಳು ನಿರ್ದೇಶಕರನ್ನು ಕೈಬಿಡಿ ಎಂದು ಐಎಸ್‌ಎಸ್ ಹೇಳಿತು. ಹತ್ತರಲ್ಲಿ ಏಳು! ಎಲ್ಲರೂ ಮರು ಆಯ್ಕೆಯಾದರು. ಮುಖ್ಯಸ್ಥರು ಆಗಲೇ ಹುದ್ದೆ ಬಿಟ್ಟಾಗಿತ್ತು, ಗುರಿಯೂ ತೀರಾ ಅಗಲವಾಗಿತ್ತು. 2017ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕಿನ ನಕಲಿ ಖಾತೆಗಳ ಹಗರಣದ ಬಳಿಕ ರಿಸ್ಕ್ ಸಮಿತಿ ಅಧ್ಯಕ್ಷ ಎನ್ರಿಕೆ ಹೆರ್ನಾಂಡೆಜ್ ಅವರಿಗೆ ಸಿಕ್ಕಿದ್ದು ಶೇ 53. ಅದೇ ವರ್ಷ ಸಮಿತಿಯ ಅಧ್ಯಕ್ಷತೆ ಬೇರೆಯವರ ಕೈಗೆ ಹೋಯಿತು.

ಸಮಿತಿ ತನ್ನ ಮೇಲೆ ತಾನೇ ತನಿಖೆ ಮಾಡಿದರೆ

ಮತ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಪಾನಿನ ತೋಷಿಬಾಕ್ಕಿಂತ ಒಳ್ಳೆಯ ಪಾಠವಿಲ್ಲ. 2020ರ ಜುಲೈ ಸಭೆಯಲ್ಲಿ ಕಾಲಕ್ಕೆ ತಲುಪಿದ್ದ ಕೆಲವು ಅಂಚೆ ಮತಪತ್ರಗಳು ಎಣಿಕೆಗೇ ಬಂದಿರಲಿಲ್ಲ. ವಿದೇಶಿ ಷೇರುದಾರರ ಮೇಲೆ ಒತ್ತಡ ಹೇರಲಾಗಿದೆ ಎಂಬ ದೂರೂ ಎದ್ದಿತು. ಕಂಪನಿಯ ಆಡಿಟ್ ಸಮಿತಿ ಪರಿಶೀಲಿಸಿ ಸಮಸ್ಯೆಯೇನಿಲ್ಲ ಎಂದಿತು. ದೊಡ್ಡ ಷೇರುದಾರ ಸಂಸ್ಥೆ ಎಫಿಸ್ಸಿಮೊ ಅದನ್ನು ಒಪ್ಪದೆ ವಿಶೇಷ ಸಭೆ ಕರೆಸಿತು. 2021ರ ಮಾರ್ಚ್‌ನಲ್ಲಿ ಬಹುಮತದಿಂದ ನೇಮಕವಾದ ಹೊರಗಿನ ವಕೀಲರು ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಷೇರುದಾರರನ್ನು ಹದ್ದುಬಸ್ತಿನಲ್ಲಿಡಲು ಕಂಪನಿ ಸರ್ಕಾರಿ ಸಚಿವಾಲಯದ ಜೊತೆ ಕೈಜೋಡಿಸಿತ್ತು. ಅದೇ ತಿಂಗಳ ಸಭೆಯಲ್ಲಿ ಮಂಡಳಿ ಅಧ್ಯಕ್ಷ ಒಸಾಮು ನಾಗಾಯಾಮಾ ಹಾಗೂ ಆಡಿಟ್ ಸಮಿತಿಯ ನೊಬುಯುಕಿ ಕೊಬಾಯಾಶಿ ಸೋತರು. ನಾಗಾಯಾಮಾ ಮಂಡಳಿಗೆ ಬಂದದ್ದೇ ಆ 2020ರ ಸಭೆಯಲ್ಲಿ. ಒತ್ತಡ ಹೇರಿದವರು ಅವರೆಂದು ಯಾರೂ ಹೇಳಲಿಲ್ಲ. ಸಮಸ್ಯೆಯೇನಿಲ್ಲ ಎಂದ ಸಮಿತಿಯ ಬೆನ್ನಿಗೆ ನಿಂತ ಮಂಡಳಿಯ ನೇತೃತ್ವಕ್ಕೆ ಬೆಲೆ ತೆತ್ತರು.

ಎಣಿಕೆಯಲ್ಲಿ ಎಡವುವುದು ಜಪಾನಿನ ಸೊತ್ತೇನಲ್ಲ. 2017ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ಮಂಡಳಿಯ ಸ್ಥಾನಕ್ಕೆ ಸ್ಪರ್ಧಿಸಿದ್ದ ಹೂಡಿಕೆದಾರ ನೆಲ್ಸನ್ ಪೆಲ್ಟ್ಜ್ ಸೋತರೆಂದು ಕಂಪನಿ ಮೊದಲು ಹೇಳಿತು. ಸುಮಾರು 200 ಕೋಟಿ ಮತಗಳ ಎಣಿಕೆಯ ನಂತರ ಅವರೇ 42,780 ಮತಗಳಿಂದ ಮುಂದಿದ್ದಾರೆ ಎಂದು ಸ್ವತಂತ್ರ ಪರಿಶೀಲಕರು ತಿಳಿಸಿದರು. ಕೊನೆಗೆ ಅವರಿಗೊಂದು ಸೀಟು ಕೊಟ್ಟು ಜಗಳ ಮುಗಿಸಲಾಯಿತು. ಹೂಡಿಕೆದಾರರು ಬೇರೆಯವರಿಗೆ ಕೆಲಕಾಲ ಎರವಲು ಕೊಟ್ಟ ಷೇರಿನದೂ ಇಂಥದೇ ತೊಡಕು. ಮತಕ್ಕೆ ಅರ್ಹತೆ ನಿಗದಿಯಾಗುವ ದಿನಾಂಕದೊಳಗೆ ಷೇರನ್ನು ವಾಪಸು ಪಡೆಯದಿದ್ದರೆ, ಹಣ ಹೂಡಿದವರ ಕೈಯಲ್ಲಿ ಮತವೇ ಇರುವುದಿಲ್ಲ.

ಈಗಿನ ಜಗಳ ಮತಕ್ಕಿಂತ ಹಿಂದಿನ ಹಂತದ್ದು. ದೊಡ್ಡ ಫಂಡ್‌ಗಳು ಚುನಾವಣೆಗೆ ಮೊದಲು ಸಮಿತಿ ಅಧ್ಯಕ್ಷರ ಜೊತೆ ಕೂತು ‘ಇದನ್ನು ಸರಿ ಮಾಡಿ, ಇಲ್ಲದಿದ್ದರೆ ನಮ್ಮ ಮತವಿಲ್ಲ’ ಎನ್ನುವುದು ವಾಡಿಕೆಯಾಗಿತ್ತು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ, ಶೇ 5ಕ್ಕಿಂತ ಹೆಚ್ಚು ಪಾಲಿರುವವರು ಹೀಗೆ ಷರತ್ತು ಹಾಕಿದರೆ ‘ನಿಷ್ಕ್ರಿಯ ಹೂಡಿಕೆದಾರ’ ಎಂಬ ವರ್ಗಕ್ಕೆ ಸಿಗುವ ಸರಳ ವರದಿಯ ಸೌಲಭ್ಯ ಕಳೆದುಕೊಳ್ಳಬಹುದು ಎಂದಿತು. ದೊಡ್ಡ ಫಂಡ್ ಸಂಸ್ಥೆಗಳಾದ ಬ್ಲಾಕ್‌ರಾಕ್, ವ್ಯಾನ್‌ಗಾರ್ಡ್ ಕೆಲಕಾಲ ಭೇಟಿಗಳನ್ನೇ ನಿಲ್ಲಿಸಿದವು. ಮಾತು ನಿಂತರೆ ಉಳಿಯುವುದು ಕಾರಣ ಹೇಳದ ವಿರೋಧ ಮತ ಮಾತ್ರ. ಯಾಕೆ ಬಿತ್ತೆಂದು ಸಮಿತಿ ಊಹಿಸಬೇಕು. ಇದರಿಂದ ಕಂಪನಿಗಳಿಗೂ ಲಾಭವಿದೆ ಎಂದು ನನಗನ್ನಿಸುವುದಿಲ್ಲ. ಭಾರತದಲ್ಲಿ ಹಾದಿ ಬೇರೆ ಕಡೆಗಿದೆ: 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ಎಲ್ಲ ನಿರ್ಣಯಗಳಿಗೂ ಮತ ಹಾಕಬೇಕು, ಸುಮ್ಮನೆ ಕೂರುವಂತಿಲ್ಲ.

ನಿಮ್ಮ ಬಳಿ ಭಾರತದ ಕಂಪನಿಯ ನೂರು ಷೇರಿದ್ದರೂ ದಾರಿ ಒಂದೇ. ನೋಟಿಸಿನಲ್ಲಿ ನಿರ್ದೇಶಕರ ಹೆಸರು ಕಂಡಾಗ ನೇರ ವಾರ್ಷಿಕ ವರದಿಯ ‘ಕಾರ್ಪೊರೇಟ್ ಆಡಳಿತ’ ಭಾಗಕ್ಕೆ ಹೋಗಿ, ಅವರು ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ಸಭೆಗೆ ಬಂದಿದ್ದಾರೆ ನೋಡಿ. ಆಡಿಟರ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಆ ದಿನ ಆಡಿಟ್ ಸಮಿತಿಯಲ್ಲಿ ಇದ್ದವರು ಯಾರೆಂದು ಗುರುತು ಹಾಕಿಕೊಳ್ಳಿ. ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿದ್ದು ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ, ಒಮ್ಮೆ ಹಾಕಿದ ಮತ ಬದಲಿಸಲಾಗದು. ಸಭೆ ಮುಗಿದ ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಷೇರುಪೇಟೆಯ ಜಾಲತಾಣದಲ್ಲಿ ಬರುತ್ತದೆ. ಅದರಲ್ಲಿ ಪ್ರವರ್ತಕರು, ಫಂಡ್‌ಗಳಂಥ ಸಾರ್ವಜನಿಕ ವರ್ಗದ ಸಂಸ್ಥೆಗಳು, ಇತರ ಸಾರ್ವಜನಿಕರು ಎಂದು ಮೂರು ಸಾಲು. ಮೊದಲ ಸಾಲನ್ನು ಬೆರಳಿನಿಂದ ಮುಚ್ಚಿ ಉಳಿದೆರಡನ್ನು ಓದಿ, ಆ ಅಂಕಿ ಬರೆದಿಟ್ಟುಕೊಳ್ಳಿ. ಮರುವರ್ಷದ ವರದಿ ಬಂದಾಗ ಸಮಿತಿಗಳ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ಯಾವ ಹೆಸರು ಜಾಗ ಬದಲಿಸಿದೆ ನೋಡಿ.